ಹಳೆಯ ಎಂಜಿಬಿಗೆ ಹೊಸ ಪೆಟ್ರೋಲ್ ಟ್ಯಾಂಕ್: ತುಕ್ಕು ಕೂತಿದ್ದು ಮೇಲ್ಗಡೆ

ಟ್ಯಾಂಕ್ ತುಂಬಿಸಿದಾಗ ಮಾತ್ರ ಪೆಟ್ರೋಲ್ ವಾಸನೆ ಬರುತ್ತಿತ್ತು. ಅರ್ಧಕ್ಕೆ ಇಳಿದ ಮೇಲೆ ಏನೂ ಇಲ್ಲ. ಈ ಒಂದು ಸಂಗತಿ ಗಮನಕ್ಕೆ ಬಂದರೆ ಅರ್ಧ ಪತ್ತೇದಾರಿ ಮುಗಿದ ಹಾಗೆ. ತಳದಲ್ಲಿ ತೂತಿದ್ದರೆ ಯಾವಾಗಲೂ ಸೋರಬೇಕು. ತುಂಬಿದಾಗ ಮಾತ್ರ ಸೋರುತ್ತದೆ ಅಂದರೆ ತೂತು ಮೇಲಿನ ಭಾಗದಲ್ಲೇ ಇರಬೇಕು, ಅಲ್ವಾ?

ಕಾರು 1970ರ ದಶಕದ ಶುರುವಿನ ಎಂಜಿಬಿ, ಎಂಜಿ ಕಂಪನಿಯ ಹಳೆಯ ಸ್ಪೋರ್ಟ್ಸ್ ಕಾರು. ಈ ಮಾದರಿ 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾಗುತ್ತಿತ್ತು. ಐದು ಲಕ್ಷಕ್ಕೂ ಜಾಸ್ತಿ ಗಾಡಿ ಹೊರಬಿದ್ದಿದ್ದರಿಂದ ಇವತ್ತಿಗೂ ಇದರ ಬಿಡಿಭಾಗ ಹೊಸದಾಗಿ ಮಾಡುವವರಿದ್ದಾರೆ, ಟ್ಯಾಂಕ್ ಕೂಡ. ಟ್ಯಾಂಕ್ ಇರುವುದು ಡಿಕ್ಕಿಯ ನೆಲದ ಕೆಳಗೆ. ಮೊದಮೊದಲ ಗಾಡಿಗಳಲ್ಲಿ ಅದನ್ನು ಪಟ್ಟಿ ಹಾಕಿ ಕಟ್ಟಿರುತ್ತಿದ್ದರು. 1965ರಿಂದ ಈಚೆಗೆ ಟ್ಯಾಂಕಿನ ಸುತ್ತ ಒಂದು ಅಂಚು ಬಂತು, ಆ ಅಂಚನ್ನೇ ಡಿಕ್ಕಿಯ ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯುತ್ತಾರೆ. ನನ್ನದು ಈ ಎರಡನೆಯ ಬಗೆ, ಸುಮಾರು 54 ಲೀಟರ್ ಹಿಡಿಯುತ್ತದೆ.

ಈ ಜೋಡಣೆಯಲ್ಲಿ ಟ್ಯಾಂಕಿನ ಮೇಲ್ಮೈಗೂ ಡಿಕ್ಕಿಯ ನೆಲಕ್ಕೂ ನಡುವೆ ಒಂದು ಸಣ್ಣ ಸಂದಿ ಉಳಿಯುತ್ತದೆ. ಹಿಂದಿನ ಚಕ್ರ ಎರಚುವ ನೀರು, ಮಣ್ಣು ಅಲ್ಲಿಗೆ ಹೋಗಿ ಸೇರುತ್ತದೆ. ಒಳಗೆ ಹೋಗುವುದು ಸುಲಭ, ಹೊರಗೆ ಬರುವುದು ಕಷ್ಟ. ಗಾಳಿ ಆಡುವುದಿಲ್ಲ, ಬಿಸಿಲು ಬೀಳುವುದಿಲ್ಲ. ಗಾಡಿ ಒಣಗಿದ ಮೇಲೂ ಆ ಮಣ್ಣು ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ. ಟ್ಯಾಂಕ್ ಅಲುಗಾಡದಿರಲಿ ಅಂತ ಮೇಲೆ ಸ್ಪಂಜಿನ ಪಟ್ಟಿ ಇಟ್ಟಿದ್ದರೆ ಅದು ನೀರು ಹೀರಿಕೊಂಡು ಕೂರುತ್ತದೆ. ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದವರಿಗೆ ಕಾಣುವುದು ಟ್ಯಾಂಕಿನ ತಳ. ತಳ ಚೆನ್ನಾಗಿಯೇ ಇರುತ್ತದೆ. ಕೊಳೆಯುವುದು ಯಾರ ಕಣ್ಣಿಗೂ ಬೀಳದ ಮೇಲ್ಭಾಗ. ಈ ಕೆಲಸ ಮಾಡಹೊರಟವರಿಗೆ ನಾನು ಮೊದಲು ಹೇಳುವ ಮಾತು ಇದೇ. ಹೊಸ ಟ್ಯಾಂಕ್ ತಂದು ಸುಮ್ನೆ ಬಿಗಿದರೆ ಅದೇ ಸಂದಿಯಲ್ಲಿ ಅದೇ ಕೊಳೆತ ಮತ್ತೆ ಶುರುವಾಗುತ್ತದೆ.

ಆದರೆ ತುಂಬಿದಾಗ ಮಾತ್ರ ಸೋರುವುದಕ್ಕೆ ಬೇರೆ ಕಾರಣಗಳೂ ಇವೆ. ಪೆಟ್ರೋಲ್ ಹಾಕುವ ಬಾಯಿಯನ್ನು ಟ್ಯಾಂಕಿಗೆ ಸೇರಿಸುವ ದಪ್ಪ ರಬ್ಬರ್ ಹೋಸ್ ಬಿರುಕು ಬಿಟ್ಟಿರಬಹುದು. ಟ್ಯಾಂಕಿನ ಪಕ್ಕದಲ್ಲಿ ಕೂತು, ಒಳಗೆ ಪೆಟ್ರೋಲ್ ಎಷ್ಟಿದೆ ಅಂತ ಗೇಜಿಗೆ ತಿಳಿಸುವ ಸೆಂಡರ್‌ನ ರಬ್ಬರ್ ಸೀಲ್ ಗಟ್ಟಿಯಾಗಿರಬಹುದು. ಹೋಸ್ ಹೋಗಿದ್ದರೆ ಟ್ಯಾಂಕ್ ಬಿಚ್ಚುವ ಅಗತ್ಯವೇ ಇಲ್ಲ. ಹಾಗಾಗಿ ಮೊದಲು ಖಚಿತ ಮಾಡಿಕೊಳ್ಳಬೇಕು. ಹನಿ ಬಿದ್ದ ಜಾಗವನ್ನು ನಂಬುವ ಹಾಗಿಲ್ಲ. ಪೆಟ್ರೋಲ್ ಅಂಚಿನ ಗುಂಟ ಹರಿದು, ಎಲ್ಲಕ್ಕಿಂತ ತಗ್ಗಿನ ಮೂಲೆಗೆ ಬಂದು, ಅಲ್ಲಿಂದ ಹನಿಯುತ್ತದೆ.

ನಾನು ಮಾಡಿದ್ದು ಹೀಗೆ. ಟ್ಯಾಂಕಿನ ಪಕ್ಕ, ಅಂಚು, ಹೋಸ್, ಸೆಂಡರ್ ಎಲ್ಲವನ್ನೂ ಬಟ್ಟೆಯಿಂದ ಒರೆಸಿ ಒಣಗಿಸಿದೆ. ಸೀಮೆಸುಣ್ಣವನ್ನು ಪುಡಿ ಮಾಡಿ ಮೆತ್ತಗಿನ ಬ್ರಷ್‌ನಿಂದ ಎಲ್ಲ ಕಡೆ ಸವರಿದೆ. ಮಾರನೆಯ ಬೆಳಗ್ಗೆ ನೋಡಿದರೆ ಹೋಸ್‌ನ ಸುತ್ತ ಪುಡಿ ಬೆಳ್ಳಗೇ ಇತ್ತು. ಸೆಂಡರ್‌ನ ಸುತ್ತಲೂ ಬೆಳ್ಳಗಿತ್ತು. ಹಿಂದಿನ ಅಂಚಿನ ಮೇಲಿಂದ ಮಾತ್ರ ಬೆರಳಗಲದ ಒಂದು ಕಪ್ಪು ಗೆರೆ ಇಳಿದು, ಅಂಚಿನ ಗುಂಟ ಓಡಿ, ಮೂಲೆಯಲ್ಲಿ ಹನಿಯಾಗಿತ್ತು. ಗೆರೆ ಶುರುವಾಗಿದ್ದು ಆ ಸಂದಿಯ ಒಳಗಿಂದ.

ಈಗ ಪ್ರಶ್ನೆ: ಹಳೆಯದನ್ನೇ ರಿಪೇರಿ ಮಾಡುವುದಾ, ಹೊಸದು ಹಾಕುವುದಾ? ಒಂದೇ ಒಂದು ತೂತು, ಸುತ್ತಲಿನ ತಗಡು ಗಟ್ಟಿ ಅಂತಾದರೆ ಮೆದು ಬೆಸುಗೆ ಹಾಕುವ ಅನುಭವಸ್ಥರು ಅದನ್ನು ಮುಚ್ಚಬಲ್ಲರು. ಆದರೆ ತುಕ್ಕು ಒಂದು ಕಡೆ ತೂತು ಮಾಡಿದೆ ಅಂದರೆ ಪಕ್ಕದಲ್ಲಿ ತಗಡು ಕಾಗದದಷ್ಟು ತೆಳ್ಳಗಾಗಿದೆ ಅಂತಲೇ ತಿಳಿಯಬೇಕು. ಒಳಗೆ ಸುರಿದು ಅಲ್ಲಾಡಿಸಿ ಪದರ ಕಟ್ಟಿಸುವ ಸೀಲರ್‌ಗಳೂ ಸಿಗುತ್ತವೆ. ಒಳಮೈ ಪೂರ್ತಿ ಸ್ವಚ್ಛ ಇರದಿದ್ದರೆ ಆ ಪದರ ಹಿಡಿಯುವುದಿಲ್ಲ. ಎಥೆನಾಲ್ ಬೆರೆಸಿದ ಪೆಟ್ರೋಲ್‌ನಲ್ಲಿ ಕೆಲವು ಹಳೆಯ ಬಗೆಯ ಸೀಲರ್‌ಗಳು ಎದ್ದು ಬಂದು ಪೆಟ್ರೋಲ್ ಸೋಸುವ ಜಾಲರಿಗೆ ಮೆತ್ತಿಕೊಳ್ಳುತ್ತವೆ. ಹೊಸ ಟ್ಯಾಂಕ್ ಸಿಗುವ ಗಾಡಿಗೆ ಇಂಥ ಸಾಹಸ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ವೆಲ್ಡಿಂಗ್ ಮಾತಂತೂ ಬೇಡವೇ ಬೇಡ. ಖಾಲಿ ಟ್ಯಾಂಕಿನಲ್ಲಿ ಪೆಟ್ರೋಲ್ ಇಲ್ಲ, ಆದ್ದರಿಂದ ಅಪಾಯ ಇಲ್ಲ ಅಂತ ಅಂದುಕೊಳ್ಳುವವರು ಬಹಳ. ನಿಜ ಅದಕ್ಕೆ ತದ್ವಿರುದ್ಧ. ಪೆಟ್ರೋಲ್ ಆವಿ ಗಾಳಿಯಲ್ಲಿ ಸುಮಾರು ಶೇ. 1.4ರಿಂದ 7.6ರಷ್ಟು ಬೆರೆತಾಗ ಹೊತ್ತಿಕೊಳ್ಳುತ್ತದೆ. ತುಂಬಿದ ಟ್ಯಾಂಕಿನೊಳಗೆ ಆವಿ ವಿಪರೀತ, ಗಾಳಿ ಕಡಿಮೆ. ಖಾಲಿ ಮಾಡಿ ಬಾಯಿ ತೆರೆದಿಟ್ಟ ಟ್ಯಾಂಕಿನಲ್ಲಿ ಗಾಳಿ ಸೇರಿಕೊಂಡು ಇವೆರಡೂ ಹೊತ್ತಿಕೊಳ್ಳುವ ಅಳತೆಗೆ ಬಂದು ನಿಲ್ಲಬಹುದು. ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಕಿಡಿ ತಾಗಿಸಿ ಜೀವ ಕಳೆದುಕೊಂಡವರಿದ್ದಾರೆ. ಟ್ಯಾಂಕ್ ಸ್ಫೋಟವಾಗಲು ತುಂಬಾ ಪೆಟ್ರೋಲ್ ಬೇಕಿಲ್ಲ. ತುಕ್ಕಿನ ಹಕ್ಕಳೆಯೊಳಗೆ, ಅಂಚಿನ ಮಡಿಕೆಯೊಳಗೆ ಉಳಿದ ಕೊಂಚ ತೇವ ಸಾಕು.

ಅದಕ್ಕೇ ಕೆಲಸ ಶುರು ಮಾಡಿದ್ದು ಬಯಲಿನಲ್ಲಿ, ಶೆಡ್ಡಿನ ಹೊರಗೆ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹೋಗುವುದಿಲ್ಲ, ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ಗುಂಡಿಯಲ್ಲಿ ಇಳಿದು ಈ ಕೆಲಸ ಮಾಡಲೇಬಾರದು. ಗಾಡಿ ಪೂರ್ತಿ ತಣ್ಣಗಾಗಲು ಬಿಟ್ಟೆ, ಸೈಲೆನ್ಸರ್ ಪಕ್ಕದಲ್ಲೇ ಇದೆ. ನನ್ನ ಗಾಡಿಯಲ್ಲಿ ಸೀಟಿನ ಹಿಂದೆ ಎರಡು 6 ವೋಲ್ಟ್ ಬ್ಯಾಟರಿಗಳಿವೆ. ಅರ್ಥ್ ತಂತಿಯನ್ನು ಮೊದಲೇ ಬಿಚ್ಚಿ ದೂರ ಕಟ್ಟಿದೆ. ಪೆಟ್ರೋಲ್ ಬಿಚ್ಚಿಟ್ಟ ಮೇಲೆ ಬ್ಯಾಟರಿಯ ತಂತಿ ಬಿಚ್ಚಲು ಹೋದರೆ ಅಲ್ಲೇ ಒಂದು ಕಿಡಿ ಹಾರುತ್ತದೆ. ಬೆಳಕಿಗೆ ಬ್ಯಾಟರಿಯ ಎಲ್‌ಇಡಿ ಟಾರ್ಚ್. ಬಿದ್ದರೆ ಒಡೆಯುವ ಬಲ್ಬು ಬೇಡ. ಕೈಯಳತೆಯಲ್ಲಿ ಒಣ ಪುಡಿಯ ಅಗ್ನಿಶಾಮಕ.

ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಹಿಂಭಾಗ ಎತ್ತಿ ಎರಡೂ ಕಡೆ ಆಕ್ಸಲ್ ಸ್ಟ್ಯಾಂಡ್ ನಿಲ್ಲಿಸಿದೆ. ಪೆಟ್ರೋಲನ್ನು ಕೈಪಂಪಿನಿಂದ ಪೆಟ್ರೋಲಿಗೆಂದೇ ಮಾಡಿದ ಕ್ಯಾನುಗಳಿಗೆ ಎಳೆದೆ. ಬಾಯಿಂದ ಹೀರುವ ಹಳೆಯ ಅಭ್ಯಾಸ ದಯವಿಟ್ಟು ಬೇಡ. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆಯೇ ಗತಿ. ಪೂರ್ತಿ ಖಾಲಿ ಮಾಡಿಯೇ ಇಳಿಸಬೇಕು. ತುಂಬಿದ ಟ್ಯಾಂಕಿನ ಪೆಟ್ರೋಲೇ 40 ಕೆ.ಜಿ. ತೂಗುತ್ತದೆ, ಅದೂ ಒಳಗೆ ಅತ್ತಿತ್ತ ತುಳುಕುವ ತೂಕ.

ಸ್ಟೆಪ್ನಿ, ಡಿಕ್ಕಿಯ ಕಾರ್ಪೆಟ್ ತೆಗೆದೆ. ಹೋಸ್‌ನ ಕ್ಲಿಪ್ ಸಡಿಲಿಸಿದೆ. ಸೆಂಡರ್‌ಗೆ ಎರಡು ತಂತಿ: ಗೇಜಿಗೆ ಹೋಗುವ ಹಸಿರು ಮೈಗೆ ಕಪ್ಪು ಗೆರೆಯದು ಒಂದು, ಅರ್ಥ್‌ಗೆ ಹೋಗುವ ಕಪ್ಪು ತಂತಿ ಇನ್ನೊಂದು. ಎರಡಕ್ಕೂ ಚೀಟಿ ಕಟ್ಟಿದೆ. ಪಂಪಿಗೆ ಹೋಗುವ ಪೈಪಿನ ನಟ್ಟಿಗೆ ಎರಡು ಸ್ಪ್ಯಾನರ್ ಬೇಕು, ಒಂದು ಹಿಡಿಯಲು, ಒಂದು ತಿರುಗಿಸಲು. ಒಂದರಲ್ಲೇ ತಿರುಗಿಸಿದರೆ ಪೈಪು ಹುರಿಯಂತೆ ಸುತ್ತಿಕೊಳ್ಳುತ್ತದೆ.

ಅಂಚಿನ ಬೋಲ್ಟುಗಳಿಗೆ ಹಿಂದಿನ ಕೆಲವು ದಿನಗಳಿಂದಲೇ ತುಕ್ಕು ಬಿಡಿಸುವ ಎಣ್ಣೆ ಹಾಕುತ್ತಾ ಬಂದಿದ್ದೆ. ಆದರೂ ಎಲ್ಲವೂ ಬರಲಿಲ್ಲ. ಇದು ಇಂಚಿನ ಅಳತೆಯ ಗಾಡಿ, ಮಿಲಿಮೀಟರ್ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ನಟ್ ಉರುಟಾಗುತ್ತದೆ. ಬಗ್ಗದೆ ಕೂತ ನಟ್ಟುಗಳನ್ನು ನಟ್ ಸ್ಪ್ಲಿಟರ್ ಹಾಕಿ ಸೀಳಿದೆ. ಗ್ರೈಂಡರ್ ಬೇಗ ಕತ್ತರಿಸುತ್ತದೆ ನಿಜ, ಪೆಟ್ರೋಲ್ ಟ್ಯಾಂಕಿನ ಹತ್ತಿರ ಅದು ಬರಲೇಕೂಡದು. ಕೊನೆಯ ಬೋಲ್ಟುಗಳಿಗೆ ಬರುವ ಮೊದಲು ಟ್ಯಾಂಕಿನ ಕೆಳಗೆ ಹಲಗೆ ಇಟ್ಟು ಜ್ಯಾಕ್ ಕೊಟ್ಟೆ. ಗೆಳೆಯ ಪಕ್ಕದಲ್ಲಿ ಹಿಡಿದುಕೊಂಡಿದ್ದ. “ಇರು, ಇನ್ನೂ ಬಿಡ್ಬೇಡ, ಈ ಮೂಲೆ ಅಂಟ್ಕೊಂಡಿದೆ” ಅಂದ. ಹಳೆಯ ಸ್ಪಂಜು ಮೇಲೆ ಅಂಟಿತ್ತು. ಮರದ ತುಂಡಿನಿಂದ ಮೆಲ್ಲಗೆ ಒತ್ತಿದ ಮೇಲೆ ಟ್ಯಾಂಕ್ ಕೈಗೆ ಬಂತು.

ಬಿಸಿಲಿಗೆ ತಂದು ನೋಡಿದೆವು. ತಳಕ್ಕೆ ಹೊಡೆದಿದ್ದ ಕಪ್ಪು ಬಣ್ಣ ಬಹುಪಾಲು ಹಾಗೇ ಇತ್ತು. ಮೇಲ್ಗಡೆ ಒಂದು ಬೆರಳು ದಪ್ಪ ಮಣ್ಣು, ಅದರೊಳಗೆ ಕಪ್ಪಗೆ ಮೆತ್ತಗಾದ ಸ್ಪಂಜು. ಹಿಂಡಿದರೆ ನೀರು ಬಂತು. ಮಳೆ ಬಂದು ಎಷ್ಟೋ ಕಾಲವಾಗಿತ್ತು! ಮಣ್ಣು ಕೆರೆದು ತೆಗೆದಾಗ ಸ್ಪಂಜು ಇದ್ದ ಗೆರೆಯಲ್ಲೇ ತುಕ್ಕು ಪದರ ಪದರವಾಗಿ ಎದ್ದಿತ್ತು. ಅದರ ನಡುವೆ ಗುಂಡುಸೂಜಿಯ ತಲೆಯಷ್ಟು ತೂತುಗಳ ಒಂದು ಗುಂಪು. ಹಿಂದಿನ ಅಂಚಿಗೆ ಅದು ಎರಡು ಬೆರಳು ದೂರ. ಸೀಮೆಸುಣ್ಣದ ಮೇಲಿನ ಗೆರೆ ಹೊರಟಿದ್ದು ಅಲ್ಲಿಂದಲೇ.

ಇಲ್ಲಿ ಒಂದು ಎಚ್ಚರ. ಹಳೆಯ ಟ್ಯಾಂಕುಗಳ ಉಕ್ಕಿನ ತಗಡಿಗೆ ತುಕ್ಕು ಹಿಡಿಯದಿರಲೆಂದು ಸೀಸ ಮತ್ತು ತವರದ ಮಿಶ್ರ ಲೇಪ ಕೊಡುತ್ತಿದ್ದರು. ಇದಕ್ಕೆ ಟರ್ನ್ ತಗಡು ಅಂತ ಹೆಸರು. ಲೇಪದಲ್ಲಿ ಸೀಸದ ಪಾಲೇ ಜಾಸ್ತಿ. ಒಣ ಮರಳು ಕಾಗದ ಹಾಕಿ ಉಜ್ಜಿದರೆ ಸೀಸದ ಧೂಳು ಮೂಗಿಗೆ ಹೋಗುತ್ತದೆ. ಮಣ್ಣು ಕೆರೆಯುವಾಗಲೂ ನೀರು ಚಿಮುಕಿಸಿ, ಕೈಗವಸು ಹಾಕಿಯೇ ಕೆರೆದೆ.

ಟ್ಯಾಂಕ್ ಇಳಿದ ಮೇಲೆ ಡಿಕ್ಕಿಯ ನೆಲದ ಕೆಳಮೈ ಕಾಣುತ್ತದೆ. ಗಾಡಿಯ ಆಯಸ್ಸಿನಲ್ಲಿ ಒಂದೋ ಎರಡೋ ಸಲ ಸಿಗುವ ಅವಕಾಶ ಇದು. ನನ್ನ ಪುಣ್ಯ, ನೆಲ ಗಟ್ಟಿಯಾಗಿತ್ತು, ಮೇಲ್ತುಕ್ಕು ಮಾತ್ರ. ಕೆರೆದು, ತೊಳೆದು, ಒಣಗಿಸಿ ಎಪಾಕ್ಸಿ ಪ್ರೈಮರ್ ಎರಡು ಪದರ, ಅದರ ಮೇಲೆ ಬಣ್ಣ. ಇಲ್ಲಿ ನೆಲವೇ ತೂತಾಗಿದ್ದರೆ ವೆಲ್ಡಿಂಗ್ ಮಾಡಿಸಲು ಇದೇ ಸಮಯ. ಆಗ ಪೆಟ್ರೋಲ್ ಕ್ಯಾನು, ಹಳೆಯ ಟ್ಯಾಂಕ್, ಪೈಪಿನ ತೆರೆದ ಬಾಯಿ ಯಾವುದೂ ಸುತ್ತಮುತ್ತ ಇರಬಾರದು.

ಹೊಸ ಟ್ಯಾಂಕ್ ಕಪ್ಪು ಬಣ್ಣ ಹೊದ್ದು ಬಂದಿತ್ತು. ಆ ಬಣ್ಣ ಸಾಗಿಸುವಾಗ ತುಕ್ಕು ಹಿಡಿಯದಿರಲಿ ಅಂತ ಹೊಡೆದದ್ದು ಅಂತಲೇ ತಿಳಿಯಬೇಕು. ಉಗುರಿನಿಂದ ಗೀರಿದರೆ ಎದ್ದು ಬರುತ್ತಿತ್ತು. ಅದನ್ನು ಒರಟು ಮಾಡಿ ಎಪಾಕ್ಸಿ ಪ್ರೈಮರ್ ಹೊಡೆದೆ. ಅಂಚು ಸೇರುವ ಜಾಗಕ್ಕೆ, ಅಂದರೆ ಎರಡು ತಗಡು ಒಂದರ ಮೇಲೊಂದು ಕೂರುವ ಕಡೆಗೆಲ್ಲ ಸೀಮ್ ಸೀಲರ್ ತುಂಬಿದೆ. ಮೇಲ್ಗಡೆಗೆ ಮಾತ್ರ ಇನ್ನೂ ಎರಡು ಪದರ ಬಣ್ಣ ಜಾಸ್ತಿ. ತಳ ಚೆನ್ನಾಗಿ ಕಾಣಲಿ ಅಂತ ಅಲ್ಲಿಗೇ ಎಲ್ಲ ಬಣ್ಣ ಬಳಿಯುವವರನ್ನು ನೋಡಿದ್ದೇನೆ. ಈ ಟ್ಯಾಂಕಿಗೆ ಬೇಕಾದ್ದು ಅದರ ಉಲ್ಟಾ.

ಬಣ್ಣಕ್ಕೂ ಮೊದಲು ಒಳಗನ್ನು ನೋಡಬೇಕು. ಟಾರ್ಚ್ ಬಿಟ್ಟಾಗ ಲೋಹದ ಸಣ್ಣ ಚೂರುಗಳು ಹೊಳೆದವು. ಸ್ವಲ್ಪ ಪೆಟ್ರೋಲ್ ಹಾಕಿ, ಬಾಯಿ ಮುಚ್ಚಿ, ಅಲ್ಲಾಡಿಸಿ, ಬಿಳಿ ಬಟ್ಟೆಯ ಮೂಲಕ ಸೋಸಿದೆ. ಬಟ್ಟೆಯ ಮೇಲೆ ಏನೂ ಬೀಳದವರೆಗೆ ಇದನ್ನೇ ಮಾಡಿದೆ. ಬಾಯಿ ತೆರೆದು ಬಯಲಿನಲ್ಲಿ ಆರಲು ಬಿಟ್ಟೆ.

ಆಮೇಲೆ ಸೋರಿಕೆ ಪರೀಕ್ಷೆ. ಹೊಸದಕ್ಕೂ ಇದು ಬೇಕೇ ಬೇಕು. ಗಾಡಿಗೆ ಬಿಗಿದ ಮೇಲೆ ಗೊತ್ತಾದರೆ ಎಲ್ಲ ಮತ್ತೆ ಬಿಚ್ಚಬೇಕು. ಆದರೆ ಕಂಪ್ರೆಸರ್ ಹಚ್ಚಬಾರದು. ಟ್ಯಾಂಕಿನ ತಗಡು ಒತ್ತಡ ತಡೆಯಲು ಮಾಡಿದ್ದಲ್ಲ. ಒಂದು ಲೆಕ್ಕ ಹೇಳುತ್ತೇನೆ. ಬಿಪಿ ನೋಡುವ ಯಂತ್ರದ 20 ಮಿ.ಮೀ. ಅಂದರೆ ಬಹಳ ಕಡಿಮೆ ಒತ್ತಡ, ಸುಮಾರು 0.027 ಬಾರ್. ಉದ್ದ ಅಗಲ 60 ಸೆಂ.ಮೀ. ಇರುವ ತಗಡಿನ ಮೇಲೆ ಇಷ್ಟೇ ಒತ್ತಡ ಬಿದ್ದರೂ ಒಟ್ಟು ಭಾರ ಸುಮಾರು 100 ಕೆ.ಜಿ. ಆಗುತ್ತದೆ. ಟೈರಿಗೆ ಹಾಕುವ 2 ಬಾರ್ ಹಾಕಿದರೆ ಏನಾದೀತು ನೀವೇ ಯೋಚಿಸಿ.

ನಾನು ಬಳಸಿದ್ದು ಬಿಪಿ ಯಂತ್ರದ ರಬ್ಬರ್ ಬಲ್ಬನ್ನೇ. ಅದಕ್ಕೆ ಗೇಜ್ ಕೂಡ ಇರುತ್ತದೆ. ಎಲ್ಲ ಬಾಯಿಗಳಿಗೂ ಬಿರಟೆ ಹಾಕಿ, ಪೆಟ್ರೋಲ್ ಹೊರಹೋಗುವ ಪೈಪಿಗೆ ಬಲ್ಬಿನ ಹೋಸ್ ಸಿಕ್ಕಿಸಿ 20 ಮಿ.ಮೀ.ವರೆಗೆ ಒತ್ತಿದೆ. ಸಾಬೂನು ನೀರನ್ನು ಬ್ರಷ್‌ನಿಂದ ಎಲ್ಲ ಜೋಡಣೆಗೂ ಸವರಿದೆ. ಟ್ಯಾಂಕಿನ ತಗಡಿನಲ್ಲಿ ಎಲ್ಲೂ ಗುಳ್ಳೆ ಏಳಲಿಲ್ಲ. ಸೆಂಡರ್ ಬಾಯಿಯ ಬಿರಟೆಯ ಸುತ್ತ ಮಾತ್ರ ನೊರೆ ಬಂತು. ಅದನ್ನು ಸರಿಮಾಡಿದ ಮೇಲೆ ಮುಳ್ಳು ಕದಲದೆ ನಿಂತಿತು. ಬಿಸಿಲು ಬಿದ್ದರೆ ಒಳಗಿನ ಗಾಳಿ ಹಿಗ್ಗಿ ಮುಳ್ಳು ಏರುತ್ತದೆ, ಮೋಡ ಬಂದರೆ ಇಳಿಯುತ್ತದೆ. ಹಾಗಾಗಿ ನೆರಳಿನಲ್ಲೇ ಮಾಡಿ.

ಸೆಂಡರನ್ನು ಟ್ಯಾಂಕಿಗೆ ಹಿಡಿದಿಡುವುದು ತಿರುಗಿಸಿ ಬಿಗಿಯುವ ಒಂದು ಲೋಹದ ಬಳೆ. ಹಿತ್ತಾಳೆ ಕಡ್ಡಿಯಿಂದ ಮೆಲ್ಲಗೆ ತಟ್ಟಿ ತಿರುಗಿಸಬೇಕು. ಉಕ್ಕಿನ ಉಳಿ ಬೇಡ, ಕಿಡಿ ಬರುತ್ತದೆ. ಹಾಕುವ ಮೊದಲು ಸೆಂಡರನ್ನು ಮಲ್ಟಿಮೀಟರ್‌ನಲ್ಲಿ ನೋಡಿದೆ. ಪೆಟ್ರೋಲ್ ಮೇಲೆ ತೇಲುವ ಅದರ ಫ್ಲೋಟ್ ಕೆಳಗಿದ್ದಾಗ 250 ಓಮ್‌ಗೂ ಮೇಲೆ, ಮೇಲೆತ್ತಿದಾಗ 20ರ ಆಸುಪಾಸು. ನಡುವೆ ಎಲ್ಲೂ ಜಿಗಿಯದೆ ಒಂದೇ ಸಮ ಇಳಿಯಬೇಕು. ಜಿಗಿದರೆ ಒಳಗಿನ ತಂತಿ ಸವೆದಿದೆ ಅಂತ ಅರ್ಥ. ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿ ನೋಡಿ. ಒಳಗೆ ಪೆಟ್ರೋಲ್ ಕುಲುಕಿದರೆ ಅದು ತೇಲುವುದಿಲ್ಲ.

ಹೊಸ ಬಣ್ಣ, ಹೊಸ ಸೀಲ್ ಎಲ್ಲ ಸೇರಿ ಟ್ಯಾಂಕಿಗೂ ಬಾಡಿಗೂ ನಡುವೆ ವಿದ್ಯುತ್ ಸಂಪರ್ಕವೇ ಇಲ್ಲದ ಹಾಗೆ ಆಗಬಹುದು. ಆಗ ಗೇಜ್ ಕೆಲಸ ಮಾಡುವುದಿಲ್ಲ. ಪೆಟ್ರೋಲ್ ತುಂಬುವಾಗ ಹುಟ್ಟುವ ಸ್ಥಾಯಿ ವಿದ್ಯುತ್ತಿಗೂ ಹೋಗಲು ದಾರಿ ಬೇಕು. ಕಪ್ಪು ಅರ್ಥ್ ತಂತಿಯ ತುದಿ ಸೇರುವ ಜಾಗವನ್ನು ಬರಿ ಲೋಹ ಕಾಣುವವರೆಗೆ ಕೆರೆದು, ಬಿಗಿದು, ಮೇಲೆ ಗ್ರೀಸ್ ಹಚ್ಚಿದೆ. ಟ್ಯಾಂಕಿನ ಮೈಯಿಂದ ಬಾಡಿಗೆ ಮೀಟರ್ ಹಿಡಿದು ಖಚಿತ ಮಾಡಿಕೊಂಡೆ.

ಹೋಸ್‌ಗಳನ್ನು ಎಲ್ಲವನ್ನೂ ಬದಲಾಯಿಸಿದೆ. ಹಳೆಯ ರಬ್ಬರ್ ಎಥೆನಾಲ್‌ಗೆ ಮೆತ್ತಗಾಗಿ ಒಳಗಿನಿಂದ ಸುಲಿಯುತ್ತದೆ. ಹೊಸದರ ಮೈಮೇಲೆ ಎಸ್‌ಎಇ ಜೆ30 ಆರ್9 ಅಂತ ಅಚ್ಚಾಗಿರುವುದನ್ನು ತಂದೆ. ಇದರ ಒಳಪದರ ಎಥೆನಾಲ್ ತಡೆಯುವ ಫ್ಲೋರಿನ್ ರಬ್ಬರ್. ಆರ್6 ಅಂತ ಬರೆದದ್ದೂ ಸಿಗುತ್ತದೆ, ಇಂದಿನ ಪೆಟ್ರೋಲಿಗೆ ಅದು ಸಾಲದು. ಸಣ್ಣ ಹೋಸ್‌ಗಳಿಗೆ ಅಂಚು ಮಡಚಿದ ಕ್ಲಿಪ್ ಹಾಕಿದೆ. ಪಟ್ಟಿಯಲ್ಲಿ ಸೀಳುಗಳಿರುವ ಸಾದಾ ಕ್ಲಿಪ್ ಬಿಗಿದಾಗ ರಬ್ಬರನ್ನು ಕತ್ತರಿಸುತ್ತದೆ.

ಈಗ ಮುಖ್ಯ ಭಾಗ, ಆ ಸಂದಿ. ಸ್ಪಂಜಿನ ಜಾಗದಲ್ಲಿ ನೀರು ಹೀರದ ಗಟ್ಟಿ ರಬ್ಬರ್ ಪಟ್ಟಿ ಹಾಕಿದೆ. ಉದ್ದಕ್ಕೂ ಒಂದೇ ಪಟ್ಟಿ ಹಾಕದೆ ನಡುನಡುವೆ ಖಾಲಿ ಬಿಟ್ಟೆ. ನೀರು ಒಳಗೆ ಹೋದರೂ ಹೊರಗೆ ಬರಲು ದಾರಿ ಇರಲಿ ಅಂತ. ಪಟ್ಟಿಯ ಕೆಳಗೂ ಮೇಣ, ಮೇಲ್ಮೈ ಪೂರ್ತಿ ತುಕ್ಕು ತಡೆಯುವ ಕ್ಯಾವಿಟಿ ಮೇಣ, ದಪ್ಪಗೆ. ಡಿಕ್ಕಿ ನೆಲದ ಕೆಳಮೈಗೂ ಅದೇ. ಬೋಲ್ಟಿನ ತೂತುಗಳ ಸುತ್ತ ಗಟ್ಟಿಯಾಗದ ಅಂಟು, ಅಂದರೆ ಮ್ಯಾಸ್ಟಿಕ್ ಇಟ್ಟೆ. ಇಲ್ಲದಿದ್ದರೆ ಆ ತೂತುಗಳಿಂದಲೇ ನೀರು, ಪೆಟ್ರೋಲ್ ವಾಸನೆ ಎರಡೂ ಡಿಕ್ಕಿಯೊಳಗೆ ಬರುತ್ತವೆ. ಬೋಲ್ಟು, ನಟ್ಟು, ವಾಷರ್ ಎಲ್ಲ ಹೊಸದು. ಎಲ್ಲವನ್ನೂ ಕೈಯಲ್ಲಿ ಕೂರಿಸಿದ ಮೇಲೇ ಸ್ಪ್ಯಾನರ್ ಮುಟ್ಟಿದ್ದು, ಅದೂ ಎದುರುಬದುರಾಗಿ ಸ್ವಲ್ಪ ಸ್ವಲ್ಪ. ಒಂದು ಕಡೆಯಿಂದ ಬಿಗಿಯುತ್ತಾ ಹೋದರೆ ಅಂಚು ಡೊಂಕಾಗಿ ಸೀಮ್ ಮೇಲೆ ಎಳೆತ ಬೀಳುತ್ತದೆ.

ಮೊದಲು ಹಾಕಿದ್ದು ಐದು ಲೀಟರ್. ಬ್ಯಾಟರಿ ಜೋಡಿಸಿ ಇಗ್ನಿಷನ್ ಆನ್ ಮಾಡಿದೆ, ಎಂಜಿನ್ ಸ್ಟಾರ್ಟ್ ಮಾಡಲಿಲ್ಲ. ಈ ಗಾಡಿಯಲ್ಲಿರುವ ಎಸ್‌ಯು ಕಂಪನಿಯ ವಿದ್ಯುತ್ ಪೆಟ್ರೋಲ್ ಪಂಪಿನ ಒಂದು ಒಳ್ಳೆಯ ಗುಣ ಏನೆಂದರೆ ಅದು ಟಿಕ್ ಟಿಕ್ ಅಂತ ಸದ್ದು ಮಾಡುತ್ತದೆ. ಪೈಪಿನಲ್ಲಿ ಗಾಳಿ ಇರುವವರೆಗೆ ಓಡುವ ಟಿಕ್ ಟಿಕ್. ಕಾರ್ಬೊರೇಟರ್ ಬಟ್ಟಲು ತುಂಬುತ್ತಾ ಬಂದ ಹಾಗೆ ನಿಧಾನ. ತುಂಬಿದ ಮೇಲೆ ಸದ್ದಿಲ್ಲ. ಪೂರ್ತಿ ನಿಂತ ಮೇಲೆ ಅಪರೂಪಕ್ಕೊಮ್ಮೆ ಒಂದು ಟಿಕ್ ಬಂದರೆ ಚಿಂತೆಯಿಲ್ಲ. ನಿಲ್ಲದೆ ಹೊಡೆಯುತ್ತಿದ್ದರೆ ಪೆಟ್ರೋಲ್ ಎಲ್ಲೋ ಸೋರುತ್ತಿದೆ, ಇಲ್ಲವೇ ಪಂಪು ಗಾಳಿ ಎಳೆಯುತ್ತಿದೆ. ನನ್ನದು ನಿಂತಿತು. ಟಾರ್ಚ್ ಹಿಡಿದು ಒಂದೊಂದು ಜೋಡಣೆಯನ್ನೂ ಟಿಶ್ಯೂ ಕಾಗದದಿಂದ ಒತ್ತಿ ನೋಡಿದೆ. ಕೈಗೆ ತಿಳಿಯದ ತೇವ ಕಾಗದದ ಮೇಲೆ ಕಲೆಯಾಗಿ ಕಾಣುತ್ತದೆ.

ಅರ್ಧ ತುಂಬಿಸಿ ಮತ್ತೆ ನೋಡಿದೆ. ನಿಜವಾದ ಪರೀಕ್ಷೆ ಕೊರಳಿನವರೆಗೆ ತುಂಬಿಸಿದಾಗ. ಸೀಮೆಸುಣ್ಣದ ಪುಡಿ ಮತ್ತೆ ಸವರಿ, ಒಂದು ಇಡೀ ರಾತ್ರಿ ಬಿಟ್ಟೆ. ಅಂಚಿನ ಸುತ್ತ ಒಂದು ಗೆರೆಯೂ ಇಲ್ಲ. ಮುಚ್ಚಳದ ಗಾಳಿತೂತನ್ನೂ ನೋಡಿಕೊಂಡೆ. ಅದು ಕಟ್ಟಿಕೊಂಡರೆ ಪಂಪು ಎಳೆದಷ್ಟೂ ಒಳಗೆ ನಿರ್ವಾತ ಬೆಳೆಯುತ್ತದೆ. ಸ್ವಲ್ಪ ದೂರ ಓಡಿದ ಮೇಲೆ ಎಂಜಿನ್ ಪೆಟ್ರೋಲ್ ಸಾಲದೆ ಕೆಮ್ಮುತ್ತದೆ. ಮುಚ್ಚಳ ತೆಗೆದಾಗ ಉಸ್ ಅಂತ ಗಾಳಿ ಒಳಗೆ ನುಗ್ಗಿದರೆ ಅದೇ ಕಾರಣ.

ಪಂಪಿಗೂ ಕಾರ್ಬೊರೇಟರಿಗೂ ನಡುವೆ ಒಂದು ಪಾರದರ್ಶಕ ಫಿಲ್ಟರ್ ತಾತ್ಕಾಲಿಕವಾಗಿ ಹಾಕಿದ್ದೆ. ಹಳೆಯ ಟ್ಯಾಂಕಿನ ಕೆಂಪು ಪುಡಿ ಪೈಪಿನಲ್ಲಿ ಉಳಿದಿರುತ್ತದೆ, ಅದು ಫ್ಲೋಟ್ ಬಟ್ಟಲಿನ ಸೂಜಿಗೆ ಸಿಕ್ಕಿದರೆ ಪೆಟ್ರೋಲ್ ಉಕ್ಕುತ್ತದೆ. ಮೊದಲ ಕೆಲವು ಓಡಾಟದಲ್ಲಿ ಫಿಲ್ಟರ್‌ನ ತಳದಲ್ಲಿ ಸ್ವಲ್ಪ ಕೆಂಪು ಕೂತಿತು. ಬದಲಾಯಿಸಿದೆ. ಎರಡನೆಯದು ಸ್ವಚ್ಛವಾಗಿದೆ. ಹೋಸ್‌ಗಳು ಹೊಸದರಲ್ಲಿ ಸ್ವಲ್ಪ ಕುಗ್ಗುತ್ತವೆ, ಹಾಗಾಗಿ ಆಗಲೇ ಕ್ಲಿಪ್‌ಗಳನ್ನೂ ಇನ್ನೊಂದು ಸುತ್ತು ಬಿಗಿದೆ.

ಹಳೆಯ ಟ್ಯಾಂಕ್ ಇನ್ನೂ ಬಯಲಿನಲ್ಲೇ ಇದೆ, ಎಲ್ಲ ಬಾಯಿ ತೆರೆದು. ಗುಜರಿಗೆ ಕೊಡುವಾಗ ಇದು ಪೆಟ್ರೋಲ್ ಟ್ಯಾಂಕ್ ಅಂತ ಬಾಯಿಬಿಟ್ಟು ಹೇಳಿ, ಮೈಮೇಲೂ ಬಣ್ಣದಲ್ಲಿ ದೊಡ್ಡದಾಗಿ ಬರೆದು ಕೊಡಬೇಕು. ಅದನ್ನು ಕತ್ತರಿಸುವವರ ಕೈಯಲ್ಲಿ ಗ್ಯಾಸ್ ಕಟರ್ ಇರುತ್ತದೆ.